ಮಂಡ್ಯದಲ್ಲಿ ಕುಳಿತು ಜಯಲಲಿತಾ ಅವರ ಜೀವನಚಿತ್ರ ಬರೆಯುವುದು ಹೇಗೆ

ತಮಿಳು ಚಿತ್ರರಂಗದ ನಾಯಕಿಯಾಗಿ ಹೆಸರು ಮಾಡಿ, ಆಮೇಲೆ ತಮಿಳುನಾಡಿನ ಮುಖ್ಯಮಂತ್ರಿಯಾದ ಜೆ. ಜಯಲಲಿತಾ ಅವರು ಹುಟ್ಟಿದ್ದು 1948ರ ಫೆಬ್ರವರಿ 24ರಂದು, ನಮ್ಮ ಮಂಡ್ಯ ಜಿಲ್ಲೆಯ ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ. ಈ ಒಂದು ಸಂಗತಿ ಗೊತ್ತಿರುವ ಕಾರಣಕ್ಕೇ ಕಾಲೇಜಿನ ವಾರ್ಷಿಕ ಸಂಚಿಕೆಗೋ, ಸ್ಥಳೀಯ ಪತ್ರಿಕೆಯ ವಿಶೇಷಾಂಕಕ್ಕೋ ಅವರ ಜೀವನಚಿತ್ರ ಬರೆಯಬೇಕೆಂದು ಹೊರಟ ಹುಡುಗ ಹುಡುಗಿಯರು ಆಗಾಗ ಕರಡು ಹಿಡಿದುಕೊಂಡು ನನ್ನ ಬಳಿಗೆ ಬರುತ್ತಾರೆ. ಆ ಕರಡುಗಳಲ್ಲಿ ಎರಡೇ ಜಾತಿ. ಒಂದರಲ್ಲಿ ಜಯಲಲಿತಾ ಮಂಡ್ಯದ ಮಣ್ಣಿನ ಮಗಳು, ಅವರು ಗೆದ್ದದ್ದೆಲ್ಲ ನಮ್ಮ ಗೆಲುವು. ಇನ್ನೊಂದರಲ್ಲಿ ಅವರು ಕಾವೇರಿ ನೀರನ್ನು ಕಿತ್ತುಕೊಂಡು ಹೋದವರು, ಹುಟ್ಟೂರಿಗೇ ಎರಡು ಬಗೆದವರು. ಎರಡೂ ಬಗೆಯ ಕರಡುಗಳಲ್ಲಿ ಕಾಣದಿರುವುದು ದಿನಾಂಕ. ಈ ಮಾರ್ಗದರ್ಶಿಯನ್ನು ನಾನು ಬರೆಯುತ್ತಿರುವುದು ಆ ಕೊರತೆಯನ್ನು ತುಂಬಿಕೊಳ್ಳುವ ದಾರಿ ತೋರಿಸಲು. ಚಿತ್ರನಟರಾಗಿದ್ದು ರಾಜಕಾರಣಿಯಾದ ಯಾರ ಬದುಕನ್ನಾದರೂ ಇದೇ ಕ್ರಮದಲ್ಲಿ ಬರೆಯಬಹುದು; ಆದರೆ ಉದಾಹರಣೆ ಒಂದೇ ಇದ್ದರೆ ಕೆಲಸ ಕಲಿಯುವುದು ಸುಲಭ ಎಂಬ ಕಾರಣಕ್ಕೆ ಜಯಲಲಿತಾ ಅವರೊಬ್ಬರನ್ನೇ ಇಟ್ಟುಕೊಂಡಿದ್ದೇನೆ.

ಮೊದಲು ವರ್ಷಪಟ್ಟಿ

ಇನ್ನೂರು ಪುಟದ ಸಾಧಾರಣ ನೋಟ್‌ಬುಕ್ಕೊಂದನ್ನು ಕೊಂಡು ಪ್ರತಿ ಪುಟದಲ್ಲೂ ಎರಡು ಗೆರೆ ಎಳೆದು ಮೂರು ಅಂಕಣ ಮಾಡಿಕೊಳ್ಳಿ. ಮೊದಲನೆಯದರಲ್ಲಿ ದಿನಾಂಕ, ನಡುವೆ ಘಟನೆ, ಕೊನೆಯದರಲ್ಲಿ ಆ ಘಟನೆ ನಿಮಗೆ ಎಲ್ಲಿಂದ ತಿಳಿಯಿತು ಎಂಬುದು. ಸರ್ಕಾರದ, ನ್ಯಾಯಾಲಯದ ಅಥವಾ ಚುನಾವಣಾ ಆಯೋಗದ ಕಡತದಿಂದ ತಿಳಿದದ್ದಾದರೆ ‘ಕ’ ಎಂದೂ, ಆ ಕಾಲದ ಪತ್ರಿಕೆಯಿಂದ ತಿಳಿದದ್ದಾದರೆ ‘ಪ’ ಎಂದೂ, ಯಾರೋ ಹೇಳಿದ್ದಾದರೆ ‘ಬಾ’ ಎಂದೂ ಗುರುತು ಹಾಕಿ. ಬಾಯಿಮಾತು ಎಂದ ಮಾತ್ರಕ್ಕೆ ಅದು ಸುಳ್ಳಲ್ಲ. ಆದರೆ ‘ಬಾ’ ಎಂಬ ಗುರುತಿರುವ ಸಂಗತಿಯನ್ನು ‘ಕ’ ಎಂಬ ಗುರುತಿರುವ ಸಂಗತಿಯ ಧಾಟಿಯಲ್ಲಿ ಬರೆಯಬಾರದು. ಚಿತ್ರನಟರ ವಿಷಯದಲ್ಲಿ ಈ ಎಚ್ಚರ ಹೆಚ್ಚು ಬೇಕು, ಏಕೆಂದರೆ ಅವರ ಬಗ್ಗೆ ಕಥೆ ಕಟ್ಟುವುದೇ ಒಂದು ಉದ್ಯಮವಾಗಿತ್ತು.

ಪಟ್ಟಿಯ ಉಪಯೋಗವನ್ನು ನಾನು ಪೆಟ್ಟು ತಿಂದು ಕಲಿತೆ. ಹಲವು ವರ್ಷಗಳ ಹಿಂದೆ ನಾನು ಬರೆದ ಮೊದಲ ಲೇಖನದಲ್ಲಿ ಜಯಲಲಿತಾ ತಮಿಳುನಾಡಿನ ಮೊದಲ ಮಹಿಳಾ ಮುಖ್ಯಮಂತ್ರಿ ಎಂದು ಧೈರ್ಯವಾಗಿ ಬರೆದಿದ್ದೆ. ಅಚ್ಚಾದ ಮರುದಿನವೇ ನಿವೃತ್ತ ಅಧ್ಯಾಪಕರೊಬ್ಬರು ಫೋನ್ ಮಾಡಿ, “ಜಾನಕಿಯಮ್ಮನವರನ್ನು ಎಲ್ಲಿ ಬಿಟ್ಟುಬಂದಿರಿ ಮೇಷ್ಟ್ರೇ?” ಎಂದು ಕೇಳಿದರು. 1987ರ ಡಿಸೆಂಬರ್ 24ರಂದು ಆಗಿನ ಮುಖ್ಯಮಂತ್ರಿ, ಚಿತ್ರನಟರೂ ಆಗಿದ್ದ ಎಂ.ಜಿ. ರಾಮಚಂದ್ರನ್ (ಎಂಜಿಆರ್) ತೀರಿಕೊಂಡ ಮೇಲೆ ಅವರ ಪತ್ನಿ ಜಾನಕಿ ರಾಮಚಂದ್ರನ್ 1988ರ ಜನವರಿಯಲ್ಲಿ ಮೂರು ವಾರಕ್ಕೂ ಸ್ವಲ್ಪ ಹೆಚ್ಚು ಕಾಲ ಮುಖ್ಯಮಂತ್ರಿಯಾಗಿದ್ದರು. ಅವರೂ ನಟಿಯೇ. ವರ್ಷಪಟ್ಟಿ ಮಾಡಿದ್ದರೆ ಆ ಹೆಸರು ಕಣ್ಣಿಗೆ ಬೀಳದೆ ಇರುತ್ತಿರಲಿಲ್ಲ.

‘ಎಷ್ಟು ಬಾರಿ ಮುಖ್ಯಮಂತ್ರಿ’ ಎಂಬ ಪ್ರಶ್ನೆಯೂ ಹೀಗೆಯೇ. ಕೆಲವರು ಐದು ಎನ್ನುತ್ತಾರೆ, ಕೆಲವರು ಆರು ಎನ್ನುತ್ತಾರೆ. ಪ್ರಮಾಣವಚನದ ದಿನಗಳನ್ನು ಸಾಲಾಗಿ ಬರೆದರೆ ಗೊಂದಲ ಉಳಿಯುವುದಿಲ್ಲ: 1991ರ ಜೂನ್ 24, 2001ರ ಮೇ 14, 2002ರ ಮಾರ್ಚ್ 2, 2011ರ ಮೇ 16, 2015ರ ಮೇ 23, 2016ರ ಮೇ 23. ನಡುವೆ ಎರಡು ಬಾರಿ, ಅಂದರೆ 2001ರ ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಿಂದ ಮತ್ತು 2014ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯದ ತೀರ್ಪಿನಿಂದ, ಅವರು ಕುರ್ಚಿ ಬಿಡಬೇಕಾಯಿತು. ಎರಡು ಸಲವೂ ಓ. ಪನ್ನೀರ್‌ಸೆಲ್ವಂ ಆ ಜಾಗದಲ್ಲಿ ಕುಳಿತರು. ಪ್ರಮಾಣವಚನವನ್ನು ಎಣಿಸಿದರೆ ಆರು. ನೀವು ಏನನ್ನು ಎಣಿಸುತ್ತಿದ್ದೀರಿ ಎಂಬುದನ್ನು ವಾಕ್ಯದಲ್ಲೇ ಹೇಳಿಬಿಟ್ಟರೆ ಓದುಗರು ಜಗಳಕ್ಕೆ ಬರುವುದಿಲ್ಲ.

ಮೇಲುಕೋಟೆ ಮತ್ತು ಮೈಸೂರು

ನಮ್ಮವರು ಎಡವುವುದು ಹೆಚ್ಚಾಗಿ ಬಾಲ್ಯದ ಭಾಗದಲ್ಲಿ. ಊರು ಹತ್ತಿರವಿದೆ, ಒಂದು ಭಾನುವಾರ ಹೋಗಿಬರಬಹುದು, ಬೆಟ್ಟ ಹತ್ತಿ ಯೋಗನರಸಿಂಹನ ದರ್ಶನ ಮಾಡಿ ಪುಳಿಯೋಗರೆ ತಿಂದು ಬರುವುದರೊಳಗೆ ನಾಲ್ಕು ಕಥೆ ಕಿವಿಗೆ ಬಿದ್ದಿರುತ್ತವೆ. ಹೋಗಬೇಡಿ ಎನ್ನುತ್ತಿಲ್ಲ, ಹೋಗುವ ಮೊದಲು ಗೊತ್ತಿರುವುದನ್ನು ಬರೆದಿಟ್ಟುಕೊಂಡು ಹೋಗಿ ಎನ್ನುತ್ತಿದ್ದೇನೆ.

ಗೊತ್ತಿರುವುದು ಇಷ್ಟು. ತಂದೆ ಜಯರಾಂ, ತಾಯಿ ವೇದವಲ್ಲಿ; ಮನೆಮಾತು ತಮಿಳಾಗಿದ್ದ ಅಯ್ಯಂಗಾರ್ ಕುಟುಂಬ. ತಂದೆಯ ತಂದೆ ಮೈಸೂರು ಅರಮನೆಯ ವೈದ್ಯರಾಗಿದ್ದವರು. ಮಗುವಿಗೆ ಮೊದಲು ಇಟ್ಟ ಹೆಸರು ಕೋಮಲವಲ್ಲಿ, ಅದು ಅಜ್ಜಿಯ ಹೆಸರು. ಜಯಲಲಿತಾ ಎಂಬುದು ಒಂದು ವರ್ಷವಾದ ಮೇಲೆ ಬಂದ ಹೆಸರು. ಮಗಳಿಗೆ ಎರಡು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ತಾಯಿ ತವರಿನ ಆಸರೆ ಪಡೆದು ಬೆಂಗಳೂರಿಗೆ ಹೋದರು, ಆಮೇಲೆ ತಂಗಿಯನ್ನು ಹಿಂಬಾಲಿಸಿ ಮದ್ರಾಸಿಗೆ ಹೋಗಿ ಸಂಧ್ಯಾ ಎಂಬ ಹೆಸರಿನಲ್ಲಿ ಚಿತ್ರಗಳಲ್ಲಿ ನಟಿಸತೊಡಗಿದರು. ಜಯಲಲಿತಾ ಓದಿದ್ದು ಬೆಂಗಳೂರಿನ ಬಿಷಪ್ ಕಾಟನ್ ಬಾಲಕಿಯರ ಶಾಲೆಯಲ್ಲಿ, 1958ರ ನಂತರ ಮದ್ರಾಸಿನ ಚರ್ಚ್ ಪಾರ್ಕ್ ಕಾನ್ವೆಂಟಿನಲ್ಲಿ. ಬಾಲ್ಯವೆಲ್ಲ ಮೈಸೂರಿನಲ್ಲಿ ಕಳೆಯಿತು ಎಂದು ಕೆಲವರೂ ಬೆಂಗಳೂರಿನಲ್ಲಿ ಎಂದು ಕೆಲವರೂ ಬರೆಯುತ್ತಾರೆ; ಇಂಥ ಕಡೆ ಶಾಲೆಯ ಹೆಸರನ್ನು ಹಿಡಿದುಕೊಂಡರೆ ಊರು ತಾನಾಗಿ ನಿಲ್ಲುತ್ತದೆ.

ಇನ್ನು ಕಥೆಗಳನ್ನು ಪರೀಕ್ಷಿಸುವ ಬಗೆ. ‘ಜಯಲಲಿತಾ ಹುಟ್ಟಿದಾಗ ಅವರ ತಾತ ನಾಲ್ವಡಿ ಕೃಷ್ಣರಾಜ ಒಡೆಯರ ವೈದ್ಯರಾಗಿದ್ದರು’ ಎಂಬ ವಾಕ್ಯವನ್ನು ನಾನು ಎಷ್ಟೋ ಕರಡುಗಳಲ್ಲಿ ಕಂಡಿದ್ದೇನೆ. ನಾಲ್ವಡಿಯವರು 1940ರಲ್ಲೇ ತೀರಿಕೊಂಡಿದ್ದರು. 1948ರಲ್ಲಿ ಸಿಂಹಾಸನದಲ್ಲಿದ್ದವರು ಜಯಚಾಮರಾಜ ಒಡೆಯರು. ತಾತನವರು ನಾಲ್ವಡಿಯವರ ಕಾಲದಲ್ಲಿ ಸೇವೆಯಲ್ಲಿದ್ದರು ಎಂದು ಬರೆದರೆ ಸರಿ. ಹುಟ್ಟಿದ ವರ್ಷಕ್ಕೆ ಗಂಟು ಹಾಕಿದರೆ ತಪ್ಪು. ಅದೇ ರೀತಿ ಮೈಸೂರಿನಲ್ಲಿ ಕುಟುಂಬಕ್ಕೆ ಸೇರಿದ್ದ ಜಯ ವಿಲಾಸ, ಲಲಿತ ವಿಲಾಸ ಎಂಬ ಎರಡು ಮನೆಗಳ ಹೆಸರು ಕೂಡಿ ಜಯಲಲಿತಾ ಎಂಬ ಹೆಸರಾಯಿತು ಎಂಬ ಮಾತಿದೆ. ಸೊಗಸಾದ ಮಾತು, ಬಿಡಬೇಕಾಗಿಲ್ಲ. ಆದರೆ ‘ಎಂದು ಹೇಳುವುದುಂಟು’ ಎಂಬ ಬಾಲ ಅದಕ್ಕೆ ಇರಲೇಬೇಕು.

ಊರಿನ ಹಿರಿಯರನ್ನು ಮಾತನಾಡಿಸುವಾಗ “ತಾತ, ಜಯಲಲಿತಾ ನಿಮಗೆ ಗೊತ್ತಿತ್ತಾ?” ಎಂದು ಶುರುಮಾಡಿದರೆ ಉತ್ತರ ಯಾವಾಗಲೂ ಹೌದು ಎಂದೇ ಬರುತ್ತದೆ, ಆಮೇಲೆ ಪತ್ರಿಕೆಯಲ್ಲಿ ಓದಿದ್ದೂ ಕಣ್ಣಾರೆ ಕಂಡದ್ದೂ ಕಲಸಿಹೋಗುತ್ತದೆ. ಅದರ ಬದಲು “ತಾತ, ಆಗ ನಿಮ್ಮ ಮನೆ ಯಾವ ಬೀದಿಯಲ್ಲಿತ್ತು, ನೀವು ಎಷ್ಟನೇ ಕ್ಲಾಸಿನಲ್ಲಿದ್ದಿರಿ?” ಎಂದು ಅವರ ಬದುಕಿನಿಂದ ಪ್ರಾರಂಭಿಸಿ. ಮೇಲುಕೋಟೆಯವರಿಗೆ ವರ್ಷಗಳಿಗಿಂತ ವೈರಮುಡಿ ಉತ್ಸವಗಳ ನೆನಪು ಗಟ್ಟಿ. ಯಾವ ವೈರಮುಡಿಗೆ ಮುಂಚೆ, ಯಾವ ವೈರಮುಡಿಯಾದ ಮೇಲೆ ಎಂದು ಕೇಳಿದರೆ ಕಾಲ ಸಿಗುತ್ತದೆ. ಲೆಕ್ಕವನ್ನೂ ಮರೆಯಬೇಡಿ. ಆ ಮಗುವನ್ನು ಕಂಡು ನೆನಪಿಟ್ಟುಕೊಂಡವರು 1950ರ ಹೊತ್ತಿಗೆ ಕನಿಷ್ಠ ಆರೇಳು ವರ್ಷದವರಾಗಿರಬೇಕು. ಅಂಥವರಿಗೆ ಈಗ ಎಂಬತ್ತು ದಾಟಿರುತ್ತದೆ. ಅರವತ್ತು ವರ್ಷದ ಯಜಮಾನರೊಬ್ಬರು ಎತ್ತಿ ಆಡಿಸಿದ ಕಥೆ ಹೇಳಿದರೆ ನಗುತ್ತಾ ಕೇಳಿಸಿಕೊಂಡು, ನೋಟ್‌ಬುಕ್ಕನ್ನು ಮುಚ್ಚಿಟ್ಟುಕೊಳ್ಳಿ.

ಅವರು ಕನ್ನಡಿಗರೋ ತಮಿಳರೋ ಎಂಬ ಚರ್ಚೆಯಲ್ಲಿ ಪುಟ ತುಂಬಿಸಬೇಡಿ. ಹುಟ್ಟಿದ್ದು ಮೈಸೂರು ರಾಜ್ಯದಲ್ಲಿ, ಮನೆಮಾತು ತಮಿಳು, ಕನ್ನಡ ಚೆನ್ನಾಗಿ ಬರುತ್ತಿತ್ತು, ತಮ್ಮನ್ನು ತಾವು ತಮಿಳರೆಂದೇ ಹೇಳಿಕೊಂಡರು, 2011ರಲ್ಲಿ ಶ್ರೀರಂಗದಿಂದ ಸ್ಪರ್ಧಿಸಿದಾಗ ಅದನ್ನು ಪೂರ್ವಿಕರ ಊರೆಂದು ಕರೆದರು. ಮೇಲುಕೋಟೆಯ ಬೀದಿಗಳಲ್ಲಿ ಇಂದಿಗೂ ಎರಡು ಭಾಷೆ ಬೆರೆತ ಮಾತು ಕೇಳುವ ನಮಗೆ ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ.

ಚಿತ್ರಗಳ ಕಾಲ

ಚಿತ್ರಗಳ ಪಟ್ಟಿಯನ್ನು ಪೂರ್ತಿಯಾಗಿ ಕೊಡುವುದು ಜೀವನಚಿತ್ರದ ಕೆಲಸವಲ್ಲ. ಅವರು ನಟಿಸಿದ ಚಿತ್ರಗಳ ಒಟ್ಟು ಸಂಖ್ಯೆ ಒಂದೊಂದು ಕಡೆ ಒಂದೊಂದು ತೆರನಾಗಿದೆ. ಅತಿಥಿ ಪಾತ್ರಗಳನ್ನೂ ಬಾಲನಟಿಯಾಗಿ ಕಾಣಿಸಿಕೊಂಡದ್ದನ್ನೂ ಸೇರಿಸುತ್ತಾರೋ ಇಲ್ಲವೋ ಎಂಬುದರ ಮೇಲೆ ಅದು ಏರಿಳಿಯುತ್ತದೆ. ನೂರಕ್ಕೂ ಹೆಚ್ಚು ಎಂದರೆ ಸಾಕು. ಬಿಡುಗಡೆಯ ವರ್ಷವನ್ನೇ ಎಲ್ಲ ಕಡೆ ಕೊಡಿ, ಚಿತ್ರೀಕರಣದ ವರ್ಷವನ್ನು ಬೆರೆಸಬೇಡಿ.

ಕನ್ನಡ ಓದುಗರಿಗೆ ಬೇಕಾದ ಎಳೆ ಬೇರೆಯೇ ಇದೆ, ಅದನ್ನು ನಿಧಾನವಾಗಿ ಬಿಡಿಸಬೇಕು. ಬಾಲನಟಿಯಾಗಿ ಅವರು ಕಾಣಿಸಿಕೊಂಡದ್ದು 1961ರ ಕನ್ನಡ ಚಿತ್ರ ‘ಶ್ರೀಶೈಲ ಮಹಾತ್ಮೆ’ಯಲ್ಲಿ. ನಾಯಕಿಯಾಗಿ ಮೊದಲ ಚಿತ್ರವೂ ಕನ್ನಡದ್ದೇ: 1964ರ ‘ಚಿನ್ನದ ಗೊಂಬೆ’, ನಿರ್ದೇಶಕರು ಬಿ.ಆರ್. ಪಂತುಲು. ಮರುವರ್ಷ ಸಿ.ವಿ. ಶ್ರೀಧರ್ ಅವರ ‘ವೆನ್ನಿರ ಆಡೈ’ ಚಿತ್ರದಿಂದ ತಮಿಳಿಗೆ ಪ್ರವೇಶ. ಅದೇ 1965ರಲ್ಲಿ ‘ಆಯಿರತ್ತಿಲ್ ಒರುವನ್’ ಚಿತ್ರದಲ್ಲಿ ಎಂಜಿಆರ್ ಅವರ ಎದುರು ನಾಯಕಿ. ಈ ಕೊನೆಯ ಚಿತ್ರವನ್ನು ನಿರ್ದೇಶಿಸಿದವರು ಮತ್ತೆ ಪಂತುಲು ಅವರೇ, ‘ಕಿತ್ತೂರು ಚೆನ್ನಮ್ಮ’ ತೆಗೆದ ಪಂತುಲು. ಹದಿನೇಳು ವರ್ಷದ ಹುಡುಗಿಯನ್ನು ಎಂಜಿಆರ್ ಜೊತೆ ನಿಲ್ಲಿಸಿದ ಸೇತುವೆ ಕನ್ನಡ ಚಿತ್ರರಂಗದ ಕಡೆಯಿಂದ ಬಂದದ್ದು ಎಂಬ ಮಾತನ್ನು, ಮಣ್ಣಿನ ಮಗಳು ಎಂದು ಹತ್ತು ಸಲ ಬರೆಯುವ ಬದಲು ಒಂದು ಸಲ ಬರೆದರೆ ಮಂಡ್ಯದ ಲೇಖನಕ್ಕೆ ತಕ್ಕ ತೂಕ ಬರುತ್ತದೆ. ಎಂಜಿಆರ್ ಜೊತೆ ಅವರು ನಟಿಸಿದ ಚಿತ್ರಗಳು 28, ಕೊನೆಯದು 1973ರಲ್ಲಿ. ಅವರ ಚಿತ್ರಜೀವನ ಮುಗಿದದ್ದು 1980ರಲ್ಲಿ.

ಪಾತ್ರವನ್ನೂ ವ್ಯಕ್ತಿಯನ್ನೂ ಒಂದೇ ವಾಕ್ಯದಲ್ಲಿ ಕೂರಿಸಬೇಡಿ. ‘ಪರದೆಯ ಮೇಲೆ ದುಷ್ಟರನ್ನು ಎದುರಿಸಿದ ನಾಯಕಿ ವಿಧಾನಸಭೆಯಲ್ಲೂ ಎದುರಿಸಿದರು’ ಎಂಬಂಥ ವಾಕ್ಯ ಬರೆಯುವುದು ಬಲು ಸುಲಭ, ಅದರಿಂದ ತಿಳಿಯುವುದು ಏನೂ ಇಲ್ಲ. ಸಂಭಾಷಣೆ ಬರೆದವರು ಬೇರೆಯವರು.

ಪಕ್ಷ, ಚುನಾವಣೆ, ಕುರ್ಚಿ

ತಮಿಳುನಾಡಿನಲ್ಲಿ ಸಿನಿಮಾ ಮತ್ತು ಪಕ್ಷ ಒಂದೇ ಮನೆಯಲ್ಲಿ ಬೆಳೆದವು ಎಂಬುದನ್ನು ಕನ್ನಡ ಓದುಗರಿಗೆ ಮೊದಲೇ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅಣ್ಣಾದುರೈ, ಕರುಣಾನಿಧಿ ಚಿತ್ರಕಥೆ ಮತ್ತು ಸಂಭಾಷಣೆ ಬರೆದವರು. ಎಂಜಿಆರ್ ಡಿಎಂಕೆಯ ಮುಖವಾಗಿದ್ದು 1972ರ ಅಕ್ಟೋಬರಿನಲ್ಲಿ ಅಣ್ಣಾ ಡಿಎಂಕೆ ಕಟ್ಟಿ 1977ರಲ್ಲಿ ಮುಖ್ಯಮಂತ್ರಿಯಾದರು. ನಮ್ಮಲ್ಲಿ ಹಾಗಾಗಲಿಲ್ಲ. ಡಾ. ರಾಜ್‌ಕುಮಾರ್ ಗೋಕಾಕ್ ಚಳವಳಿಗೆ ಬಂದರು, ಚುನಾವಣೆಗೆ ಬರಲಿಲ್ಲ. ಮದ್ದೂರು ತಾಲ್ಲೂಕಿನ ದೊಡ್ಡರಸಿನಕೆರೆಯ ಅಂಬರೀಷ್ 1998, 1999 ಮತ್ತು 2004ರಲ್ಲಿ ಮಂಡ್ಯದಿಂದ ಲೋಕಸಭೆಗೆ ಗೆದ್ದರು. ಅವರು ಇದ್ದ ಪಕ್ಷಗಳಲ್ಲಿ ಸೇರಿಕೊಂಡವರೇ ಹೊರತು ಪಕ್ಷ ಕಟ್ಟಿದವರಲ್ಲ. 2009ರಲ್ಲಿ ಅದೇ ಮಂಡ್ಯ ಅವರನ್ನು ಸೋಲಿಸಿತು. ಅಭಿಮಾನಿಯ ಶಿಳ್ಳೆ ಮತದಾರನ ಮುದ್ರೆಯಾಗುವುದಕ್ಕೆ ನಡುವೆ ಒಂದು ಸಂಘಟನೆ ಬೇಕು. ಜಯಲಲಿತಾ ಅವರಿಗೆ ಆ ಸಂಘಟನೆ ಸಿದ್ಧವಾಗಿ ಸಿಕ್ಕಿತೋ, ಹೋರಾಡಿ ಪಡೆದರೋ ಎಂಬುದೇ ಈ ಭಾಗದಲ್ಲಿ ನೀವು ಉತ್ತರಿಸಬೇಕಾದ ಪ್ರಶ್ನೆ.

ಹೋರಾಡಿ ಪಡೆದರು ಎಂದೇ ನನ್ನ ತೀರ್ಮಾನ, ಏಕೆಂದರೆ ದಿನಾಂಕಗಳು ಹಾಗೆ ಹೇಳುತ್ತವೆ. 1982ರಲ್ಲಿ ಅಣ್ಣಾ ಡಿಎಂಕೆ ಪಕ್ಷ ಸೇರಿದರು, 1983ರಲ್ಲಿ ಪ್ರಚಾರ ಕಾರ್ಯದರ್ಶಿಯಾದರು, 1984ರಲ್ಲಿ ರಾಜ್ಯಸಭೆಗೆ ಹೋದರು. ಎಂಜಿಆರ್ ತೀರಿಕೊಂಡಾಗ ಪಕ್ಷದ ಶಾಸಕರಲ್ಲಿ ಹೆಚ್ಚಿನವರು ಜಾನಕಿಯವರ ಕಡೆ ನಿಂತರು. ಪಕ್ಷ ಒಡೆಯಿತು, ಎರಡೆಲೆಯ ಚಿಹ್ನೆಯನ್ನು ಚುನಾವಣಾ ಆಯೋಗ ತಡೆಹಿಡಿಯಿತು. 1989ರ ಚುನಾವಣೆಯಲ್ಲಿ ಹುಂಜದ ಚಿಹ್ನೆಯಡಿ ನಿಂತ ಜಯಲಲಿತಾ ಬಣ 27 ಸ್ಥಾನ ಗೆದ್ದಿತು, ಅವರು ಬೋಡಿನಾಯಕ್ಕನೂರಿನಿಂದ ಆರಿಸಿಬಂದು ವಿರೋಧ ಪಕ್ಷದ ನಾಯಕಿಯಾದರು. ಜಾನಕಿ ಸೋತು ರಾಜಕೀಯದಿಂದ ಹಿಂದೆ ಸರಿದರು. ಎರಡು ಬಣ ಒಂದಾಗಿ ಎರಡೆಲೆ ಮರಳಿ ಬಂದದ್ದು ಆ ಸೋಲು ಗೆಲುವುಗಳ ನಂತರ. ಅಭ್ಯರ್ಥಿಗಳು, ಮತಗಳು, ಸ್ಥಾನಗಳು ಇವೆಲ್ಲ ಚುನಾವಣಾ ಆಯೋಗದ ಅಂಕಿಅಂಶ ವರದಿಗಳಲ್ಲಿ ಕ್ಷೇತ್ರವಾರು ಸಿಗುತ್ತವೆ, ಅಂತರ್ಜಾಲದಲ್ಲಿ ಉಚಿತವಾಗಿ ನೋಡಬಹುದು. ರಾಜ್ಯಸಭೆಯ ಹಳೆಯ ಚರ್ಚೆಗಳೂ ಹಾಗೆಯೇ ಸಿಗುತ್ತವೆ. ಅಭಿಮಾನಿಗಳ ಪುಸ್ತಕಕ್ಕಿಂತ ಮೊದಲು ಇವುಗಳನ್ನು ತೆರೆಯಿರಿ.

ಇಬ್ಬರು ಎರಡು ರೀತಿ ಹೇಳುವ ಘಟನೆಯನ್ನು ಬರೆಯಲು ಕಲಿಯಬೇಕಾದರೆ 1989ರ ಮಾರ್ಚ್ 25 ಒಳ್ಳೆಯ ಪಾಠ. ಅಂದು ತಮಿಳುನಾಡು ವಿಧಾನಸಭೆಯಲ್ಲಿ ಮುಖ್ಯಮಂತ್ರಿ ಕರುಣಾನಿಧಿ ಬಜೆಟ್ ಮಂಡಿಸುವಾಗ ಗದ್ದಲ ನಡೆದು ಕೈಕೈ ಮಿಲಾಯಿಸುವ ಮಟ್ಟ ತಲುಪಿತು. ಆಡಳಿತ ಪಕ್ಷದವರು ತಮ್ಮ ಸೀರೆ ಎಳೆದು ಅವಮಾನಿಸಿದರು ಎಂದು ಜಯಲಲಿತಾ ಹೇಳಿದರು. ಡಿಎಂಕೆ ಅದನ್ನು ನಿರಾಕರಿಸಿತು. ‘ದ್ರೌಪದಿ’ ಎಂಬ ಹೋಲಿಕೆ ಆಗಲೇ ಹುಟ್ಟಿಕೊಂಡದ್ದು. ನೀವು ಬರೆಯುವಾಗ ಗದ್ದಲ ನಡೆದದ್ದನ್ನು ನಿಮ್ಮ ಮಾತಿನಲ್ಲಿ ಹೇಳಿ, ಸೀರೆಯ ವಿಷಯವನ್ನು ಅವರ ಮಾತಾಗಿ ಹೇಳಿ, ನಿರಾಕರಣೆಯನ್ನು ಅದರ ಪಕ್ಕದಲ್ಲೇ ಇಡಿ. ಹೋಲಿಕೆಯನ್ನು ಮಾಡುವ ಕೆಲಸ ನಿಮ್ಮದಲ್ಲ.

1991ರ ಗೆಲುವನ್ನು ವಿವರಿಸುವಾಗ ಆ ವರ್ಷ ಮೇ 21ರಂದು ಶ್ರೀಪೆರಂಬದೂರಿನಲ್ಲಿ ರಾಜೀವ್ ಗಾಂಧಿ ಹತ್ಯೆಯಾಯಿತು ಎಂಬುದನ್ನು ಬಿಟ್ಟರೆ ಚಿತ್ರ ವಕ್ರವಾಗುತ್ತದೆ. ಕಾಂಗ್ರೆಸ್ ಜೊತೆಗಿನ ಮೈತ್ರಿಕೂಟ 234ರಲ್ಲಿ 225 ಸ್ಥಾನ ಪಡೆಯಿತು. ಐದು ವರ್ಷದ ನಂತರ 1996ರಲ್ಲಿ ಪಕ್ಷಕ್ಕೆ ಉಳಿದದ್ದು 4, ಬರ್ಗೂರಿನಲ್ಲಿ ಸ್ವತಃ ಅವರೇ ಸೋತರು. ಈ ಎರಡು ಸಂಖ್ಯೆಗಳ ನಡುವೆ ಏನಾಯಿತು ಎಂಬುದನ್ನು ಬರೆಯುವಾಗ ತಿಂಗಳಿಗೆ ಒಂದು ರೂಪಾಯಿ ಸಂಬಳ ಪಡೆಯುತ್ತೇನೆ ಎಂದ ಮುಖ್ಯಮಂತ್ರಿಯನ್ನೂ, 1995ರಲ್ಲಿ ಸಾಕುಮಗನ ಮದುವೆಯನ್ನು ದೇಶವೇ ತಿರುಗಿ ನೋಡುವಷ್ಟು ಅದ್ದೂರಿಯಾಗಿ ನಡೆಸಿದ ಅದೇ ಮುಖ್ಯಮಂತ್ರಿಯನ್ನೂ ಒಂದೇ ಪ್ಯಾರಾದಲ್ಲಿ ತನ್ನಿ. ವ್ಯಾಖ್ಯಾನ ಬೇಕಾಗುವುದಿಲ್ಲ.

ಯೋಜನೆಗಳ ಪಟ್ಟಿ ಉದ್ದವಿದೆ. ಎರಡು ಮೂರನ್ನು ಆರಿಸಿಕೊಂಡು ಅವು ಹೇಗೆ ನಡೆದವು ಎಂಬುದನ್ನು ಬರೆಯಿರಿ. 1992ರಲ್ಲಿ ಸೇಲಂ ಜಿಲ್ಲೆಯಲ್ಲಿ ಶುರುವಾದ ತೊಟ್ಟಿಲು ಮಗು ಯೋಜನೆ ಹೆಣ್ಣುಶಿಶುಹತ್ಯೆಯನ್ನು ತಡೆಯಲು ಬಂದದ್ದು: ಸಾಕಲಾಗದ ಮಗುವನ್ನು ಸರ್ಕಾರದ ತೊಟ್ಟಿಲಲ್ಲಿ ಬಿಟ್ಟುಹೋಗಬಹುದು, ಹೆಸರು ಹೇಳಬೇಕಾಗಿಲ್ಲ. 2013ರಲ್ಲಿ ಚೆನ್ನೈಯಲ್ಲಿ ತೆರೆದ ‘ಅಮ್ಮ ಉಣವಗಂ’ ಎಂಬ ಅಗ್ಗದ ಕ್ಯಾಂಟೀನುಗಳಲ್ಲಿ ಇಡ್ಲಿಗೆ ಒಂದು ರೂಪಾಯಿ, ಸಾಂಬಾರ್ ಅನ್ನಕ್ಕೆ ಐದು, ಮೊಸರನ್ನಕ್ಕೆ ಮೂರು. ನಮ್ಮಲ್ಲಿ 2017ರ ಆಗಸ್ಟಿನಲ್ಲಿ ಇಂದಿರಾ ಕ್ಯಾಂಟೀನ್ ಶುರುವಾದಾಗ ತಿಂಡಿಗೆ ಐದು ರೂಪಾಯಿ, ಊಟಕ್ಕೆ ಹತ್ತು ರೂಪಾಯಿ ಇತ್ತು. ಈ ಹೋಲಿಕೆಯನ್ನು ಕೊಟ್ಟರೆ ಮೈಸೂರಿನ ಓದುಗರಿಗೆ ವಿಷಯ ಕೈಗೆ ಸಿಗುತ್ತದೆ.

ಕಾವೇರಿಯ ಪುಟ

ಈ ಪುಟವನ್ನು ಕೊನೆಗೆ ಬರೆಯಿರಿ, ಮನಸ್ಸು ತಣ್ಣಗಿರುವಾಗ. ಮಂಡ್ಯದ ಸಂಜಯ ವೃತ್ತದಲ್ಲಿ ಟೈರು ಸುಟ್ಟ ದಿನಗಳನ್ನು ಕಂಡ ನಮಗೆ, ಬೆಳಗ್ಗೆ ಪತ್ರಿಕೆ ತೆರೆದರೆ ಮೊದಲು ಕನ್ನಂಬಾಡಿ ಅಣೆಕಟ್ಟೆಯ ನೀರಿನ ಮಟ್ಟ ತುಂಬುಮಟ್ಟವಾದ 124.80 ಅಡಿಗೆ ಎಷ್ಟು ಕಡಿಮೆಯಿದೆ ಎಂದು ನೋಡುವ ನಮಗೆ, ಈ ವಿಷಯದಲ್ಲಿ ನಿರ್ಲಿಪ್ತರಾಗಿರಿ ಎಂದು ಹೇಳುವುದು ಸುಲಭವಲ್ಲ. ನಿರ್ಲಿಪ್ತರಾಗಬೇಕಾಗಿಲ್ಲ, ಕ್ರಮವನ್ನು ತಪ್ಪಿಸದಿದ್ದರೆ ಸಾಕು.

‘ಜಯಲಲಿತಾ ಬಂದು ನ್ಯಾಯಮಂಡಳಿಯ ಮಧ್ಯಂತರ ಆದೇಶ ತಂದರು’ ಎಂಬ ಮಾತು ನಮ್ಮ ಕಡೆ ವಾಡಿಕೆಯಾಗಿದೆ. ವರ್ಷಪಟ್ಟಿ ಬೇರೆ ಮಾತು ಹೇಳುತ್ತದೆ. ಕಾವೇರಿ ನ್ಯಾಯಮಂಡಳಿ ರಚನೆಯಾದದ್ದು 1990ರ ಜೂನಿನಲ್ಲಿ, ವಿ.ಪಿ. ಸಿಂಗ್ ಸರ್ಕಾರದ ಕಾಲದಲ್ಲಿ. ಆಗ ತಮಿಳುನಾಡಿನ ಮುಖ್ಯಮಂತ್ರಿ ಕರುಣಾನಿಧಿ. ವರ್ಷಕ್ಕೆ 205 ಟಿಎಂಸಿ ಬಿಡಬೇಕೆಂಬ ಮಧ್ಯಂತರ ಆದೇಶ ಬಂದದ್ದು 1991ರ ಜೂನ್ 25ರಂದು. ಜಯಲಲಿತಾ ಮೊದಲ ಬಾರಿಗೆ ಪ್ರಮಾಣವಚನ ಸ್ವೀಕರಿಸಿದ್ದು ಅದರ ಹಿಂದಿನ ದಿನ. ಒಂದೇ ದಿನದಲ್ಲಿ ಆದೇಶ ತರಿಸುವುದು ಯಾರಿಂದಲೂ ಆಗದ ಕೆಲಸ. ಅವರು ಮಾಡಿದ್ದು ಆದೇಶದ ಜಾರಿಗೆ ಪಟ್ಟು ಹಿಡಿದದ್ದು: 1993ರ ಜುಲೈಯಲ್ಲಿ ಮರೀನಾದಲ್ಲಿ ಉಪವಾಸ ಕುಳಿತರು, 2007ರ ಅಂತಿಮ ಐತೀರ್ಪು ಕೇಂದ್ರದ ರಾಜ್ಯಪತ್ರದಲ್ಲಿ ಪ್ರಕಟವಾಗಬೇಕೆಂದು ನ್ಯಾಯಾಲಯದ ಮೆಟ್ಟಿಲು ಹತ್ತಿ 2013ರ ಫೆಬ್ರವರಿಯಲ್ಲಿ ಅದನ್ನು ಸಾಧಿಸಿದರು. ಇತ್ತ ಬಂಗಾರಪ್ಪನವರು ಮಧ್ಯಂತರ ಆದೇಶದ ವಿರುದ್ಧ ಸುಗ್ರೀವಾಜ್ಞೆ ತಂದದ್ದು, ಸರ್ವೋಚ್ಚ ನ್ಯಾಯಾಲಯ ಅದನ್ನು ಒಪ್ಪದಿದ್ದದ್ದು, 1991ರ ಡಿಸೆಂಬರಿನಲ್ಲಿ ಬೆಂಗಳೂರು ಮತ್ತು ಹಳೆ ಮೈಸೂರು ಭಾಗದಲ್ಲಿ ತಮಿಳು ಮಾತನಾಡುವ ಕುಟುಂಬಗಳ ಮೇಲೆ ಹಲ್ಲೆ ನಡೆದದ್ದು, ಇವನ್ನೂ ಅದೇ ಪುಟದಲ್ಲಿ ಬರೆಯಿರಿ. ನಮ್ಮ ಕಡೆಯ ತಪ್ಪನ್ನು ಬಿಟ್ಟು ಬರೆದ ಕಾವೇರಿ ಪುಟವನ್ನು ಹೊರಗಿನವರು ನಂಬುವುದಿಲ್ಲ.

ಅಳತೆಗಳನ್ನು ಬೆರೆಸಬೇಡಿ. ಟಿಎಂಸಿ ಎಂಬುದು ನೀರಿನ ಪ್ರಮಾಣ, ನೂರು ಕೋಟಿ ಘನ ಅಡಿ. ಕ್ಯೂಸೆಕ್ ಎಂಬುದು ಹರಿವು, ಸೆಕೆಂಡಿಗೆ ಒಂದು ಘನ ಅಡಿ. ಹತ್ತಿರ ಹತ್ತಿರ 11,574 ಕ್ಯೂಸೆಕ್ ನೀರು ಒಂದು ದಿನ ಪೂರ್ತಿ ಹರಿದರೆ ಒಂದು ಟಿಎಂಸಿ. 2016ರ ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಹತ್ತು ದಿನ 15,000 ಕ್ಯೂಸೆಕ್ ಬಿಡಿ ಎಂದಾಗ ಅದು ಸುಮಾರು 13 ಟಿಎಂಸಿಗೆ ಸಮ. ಈ ಲೆಕ್ಕ ಗೊತ್ತಿಲ್ಲದೆ ಬರೆದ ಲೇಖನವನ್ನು ಮಂಡ್ಯದ ರೈತರು ಮೊದಲ ಪ್ಯಾರಾದಲ್ಲೇ ಬದಿಗಿಡುತ್ತಾರೆ. ಆ ಗಲಾಟೆಯ ನಡುವೆಯೇ, ಸೆಪ್ಟೆಂಬರ್ 22ರಂದು, ಜಯಲಲಿತಾ ಚೆನ್ನೈಯ ಆಸ್ಪತ್ರೆ ಸೇರಿದರು.

ಮೊಕದ್ದಮೆಯನ್ನು ಬರೆಯುವ ಭಾಷೆ

ಆದಾಯ ಮೀರಿದ ಆಸ್ತಿಯ ಮೊಕದ್ದಮೆ ಕರ್ನಾಟಕದ ನ್ಯಾಯಾಲಯಗಳಲ್ಲಿ ನಡೆದದ್ದರಿಂದ ಕನ್ನಡ ಪತ್ರಿಕೆಗಳಲ್ಲಿ ಅದರ ವಿವರ ಧಾರಾಳವಾಗಿದೆ. ಅವರೇ ಅಧಿಕಾರದಲ್ಲಿದ್ದ ರಾಜ್ಯದಲ್ಲಿ ವಿಚಾರಣೆ ನ್ಯಾಯವಾಗಿ ನಡೆಯಲಾರದು ಎಂಬ ಕಾರಣಕ್ಕೆ ಸರ್ವೋಚ್ಚ ನ್ಯಾಯಾಲಯ 2003ರಲ್ಲಿ ಅದನ್ನು ಬೆಂಗಳೂರಿಗೆ ವರ್ಗಾಯಿಸಿತು. ಆರೋಪ 1991ರಿಂದ 1996ರ ಅಧಿಕಾರಾವಧಿಗೆ ಸೇರಿದ್ದು, ಮೊತ್ತ 66.65 ಕೋಟಿ ರೂಪಾಯಿ. 2014ರ ಸೆಪ್ಟೆಂಬರ್ 27ರಂದು ವಿಶೇಷ ನ್ಯಾಯಾಧೀಶ ಜಾನ್ ಮೈಕೆಲ್ ಡಿಕುನ್ಹಾ ನಾಲ್ಕು ವರ್ಷ ಸೆರೆವಾಸ ಮತ್ತು 100 ಕೋಟಿ ರೂಪಾಯಿ ದಂಡ ವಿಧಿಸಿದರು. ಪರಪ್ಪನ ಅಗ್ರಹಾರದ ಜೈಲಿನಲ್ಲಿ ಮೂರು ವಾರ ಇದ್ದು ಜಾಮೀನಿನ ಮೇಲೆ ಹೊರಬಂದರು. 2015ರ ಮೇ 11ರಂದು ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಸಿ.ಆರ್. ಕುಮಾರಸ್ವಾಮಿ ಅವರನ್ನೂ ಜೊತೆಯ ಮೂವರು ಆರೋಪಿಗಳನ್ನೂ ಖುಲಾಸೆ ಮಾಡಿದರು; ಸಾಲದ ಮೊತ್ತ ಕೂಡುವುದರಲ್ಲಿ ತಪ್ಪಾಗಿದೆ ಎಂಬ ಆಕ್ಷೇಪ ಆಗಲೇ ಬಂತು, ಕರ್ನಾಟಕ ಸರ್ಕಾರ ಮೇಲ್ಮನವಿ ಹೂಡಿತು. 2017ರ ಫೆಬ್ರವರಿ 14ರಂದು ಸರ್ವೋಚ್ಚ ನ್ಯಾಯಾಲಯ ವಿಶೇಷ ನ್ಯಾಯಾಲಯದ ತೀರ್ಪನ್ನೇ ಎತ್ತಿಹಿಡಿದು ಜಯಲಲಿತಾ ಅವರ ಆಪ್ತೆ ಶಶಿಕಲಾ ಮೊದಲಾದ ಆ ಮೂವರನ್ನು ಜೈಲಿಗೆ ಕಳಿಸಿತು. ಅಷ್ಟರಲ್ಲಿ ಜಯಲಲಿತಾ ತೀರಿಕೊಂಡಿದ್ದರಿಂದ ಅವರ ಮಟ್ಟಿಗೆ ಮೊಕದ್ದಮೆ ಕೊನೆಗೊಂಡಿತು.

ಇದನ್ನು ಬರೆಯುವಾಗ ಪ್ರತಿ ಹಂತದಲ್ಲೂ ಆ ದಿನಕ್ಕೆ ಯಾವ ಪದ ಸಲ್ಲುತ್ತದೋ ಅದನ್ನೇ ಬಳಸಿ. 2014ರ ಸೆಪ್ಟೆಂಬರ್ 26ರವರೆಗೆ ಆರೋಪಿ, ಮರುದಿನದಿಂದ ಅಪರಾಧಿ, 2015ರ ಮೇ 11ರಿಂದ ಖುಲಾಸೆಯಾದವರು. ‘ಸರ್ವೋಚ್ಚ ನ್ಯಾಯಾಲಯ ಜಯಲಲಿತಾಗೆ ಶಿಕ್ಷೆ ವಿಧಿಸಿತು’ ಎಂದು ಬರೆಯುವಂತಿಲ್ಲ, ‘ಕೊನೆಗೆ ನಿರ್ದೋಷಿಯೆಂದು ಸಾಬೀತಾಯಿತು’ ಎಂದೂ ಬರೆಯುವಂತಿಲ್ಲ. ಖಾಸಗಿ ಬದುಕಿನ ವದಂತಿಗಳು, ಮಕ್ಕಳೆಂದು ಹೇಳಿಕೊಂಡು ಬಂದವರ ಕಥೆಗಳು, ಇವಕ್ಕೆ ಒಂದು ಸಾಲೂ ಬೇಡ.

ಸಾವಿನ ದಿನಾಂಕದಲ್ಲೂ ಎಚ್ಚರ ಬೇಕು. ಆಸ್ಪತ್ರೆ ಪ್ರಕಟಿಸಿದ್ದು 2016ರ ಡಿಸೆಂಬರ್ 5ರ ರಾತ್ರಿ 11.30. ಸಾವಿನ ತನಿಖೆ ನಡೆಸಿದ ನ್ಯಾಯಮೂರ್ತಿ ಆರುಮುಗಸ್ವಾಮಿ ಆಯೋಗದ 2022ರ ವರದಿ ಅದನ್ನು ಡಿಸೆಂಬರ್ 4ರ ಮಧ್ಯಾಹ್ನವೆಂದು ಹೇಳಿತು. ಅಧಿಕೃತ ದಿನಾಂಕವನ್ನು ಮೊದಲು ಕೊಟ್ಟು, ಆಯೋಗದ ಮಾತನ್ನು ಆಯೋಗದ ಹೆಸರಿನಲ್ಲಿ ಮುಂದಿನ ವಾಕ್ಯದಲ್ಲಿ ಇಡಿ. ಮರೀನಾದಲ್ಲಿ ಎಂಜಿಆರ್ ಸಮಾಧಿಯ ಬಳಿ ಅವರನ್ನು ಹೂಳಲಾಯಿತು. ಕೆಲವೇ ದಿನಗಳಲ್ಲಿ, ಸಂಬಂಧಿಕರೆಂದು ಹೇಳಿಕೊಂಡ ಕೆಲವರು ನಮ್ಮ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಪ್ರತಿಕೃತಿಯಿಟ್ಟು ದಹನ ಸಂಸ್ಕಾರ ನಡೆಸಿದರು. ಈ ಸಂಗತಿಯನ್ನು ಬಿಡಬೇಡಿ. ಕಾವೇರಿಯ ದಡದಲ್ಲೇ ಅದು ನಡೆಯಿತು ಎಂಬುದಕ್ಕೆ ಯಾವ ಅಲಂಕಾರವನ್ನೂ ಸೇರಿಸಬೇಡಿ.

ಅಚ್ಚಿಗೆ ಕೊಡುವ ಮೊದಲು

ತಮಿಳು ಹೆಸರುಗಳನ್ನು ಕನ್ನಡದಲ್ಲಿ ಒಂದೇ ರೀತಿ ಬರೆಯಿರಿ. ಒಂದು ಪುಟದಲ್ಲಿ ಜಯಲಲಿತ, ಇನ್ನೊಂದರಲ್ಲಿ ಜಯಲಲಿತಾ ಎಂದಾಗಬಾರದು. ‘ಪುರಟ್ಚಿ ತಲೈವಿ’ ಎಂಬುದು ಅವರ ಪಕ್ಷದವರು ಕೊಟ್ಟ ಬಿರುದು, ಕ್ರಾಂತಿಕಾರಿ ನಾಯಕಿ ಎಂದರ್ಥ. ಅದನ್ನು ಒಮ್ಮೆ ವಿವರಿಸಿ, ಆಮೇಲೆ ಹೆಸರನ್ನೇ ಬಳಸಿ. ‘ಅಮ್ಮ’ ಎಂಬುದೂ ಹಾಗೆಯೇ, ಯೋಜನೆಗಳ ಹೆಸರಿನಲ್ಲಿ ಬಂದಾಗ ಇರಲಿ, ನಿಮ್ಮ ವಾಕ್ಯದಲ್ಲಿ ಬೇಡ. ಲೇಖನ ಎಂಟು ಪುಟದ್ದಾದರೆ ಬಾಲ್ಯಕ್ಕೆ ಒಂದು ಪುಟಕ್ಕಿಂತ ಹೆಚ್ಚು ಕೊಡಬೇಡಿ, ಮೇಲುಕೋಟೆಯ ಮೇಲೆ ಎಷ್ಟೇ ಪ್ರೀತಿಯಿದ್ದರೂ. ಅವರು ಅಲ್ಲಿದ್ದದ್ದು ಬಹಳ ಕಡಿಮೆ ಕಾಲ. ಎಲ್ಲ ಮುಗಿದ ಮೇಲೆ ಕೆಂಪು ಪೆನ್ನು ಹಿಡಿದು ಪ್ರತಿ ದಿನಾಂಕವನ್ನೂ ನೋಟ್‌ಬುಕ್ಕಿನ ಮೂರನೆಯ ಅಂಕಣಕ್ಕೆ ತಾಳೆ ನೋಡಿ, ‘ಬಾ’ ಎಂದಿರುವ ಕಡೆಯೆಲ್ಲ ವಾಕ್ಯದ ಕೊನೆಯಲ್ಲಿ ಹೇಳಿದವರು ಯಾರು ಎಂಬ ಸುಳಿವಿದೆಯೇ ಎಂದು ಪರೀಕ್ಷಿಸಿ. ಮಾತನಾಡಿಸಿದ ಹಿರಿಯರಿಗೆ ಅವರು ಹೇಳಿದ ಭಾಗವನ್ನು ಓದಿ ಹೇಳಿ, ಒಪ್ಪಿಗೆ ಪಡೆದು, ಅಚ್ಚಾದ ಮೇಲೆ ಒಂದು ಪ್ರತಿಯನ್ನು ಅವರ ಮನೆಗೆ ನೀವೇ ಕೊಂಡೊಯ್ದು ಕೊಡಿ.